ನಾಲಾ ಮಣ್ಣಿನ ಕುಂಟೆತ್ತು

ಬಾಲಾನಗರದ ಆ ಓಣಿಯಲ್ಲಿ ಬಂಡೆಪ್ಪನ ಬಾಯಿಗೆ ಎದುರು ನಿಲ್ಲುವವರು ಯಾರಿದ್ದಾರೆ, ಹೇಳಿ! ಮನೆಗಳ ಹಿಂದಿನ ನಾಲಾ ಮಳೆಗಾಲದಲ್ಲಿ ಒಳಗೆ ನುಗ್ಗದಂತೆ ಮಾಡಬೇಕಾದರೆ ಹಣ ಬೇಕು ಎಂದು ಪಾಲಿಕೆಯ ಇಂಜಿನಿಯರು ಬಂದು ಎರಡು ದಾರಿ ಇಟ್ಟಿದ್ದರು. ಒಂದೋ, ಸಾಲ ತಂದು ನಾಲಾ ಮೇಲೆ ಸ್ಲ್ಯಾಬ್ ಎಳೆದು ಅಂಗಡಿ ಕಟ್ಟುವುದು, ಬಾಡಿಗೆಯಿಂದ ಸಾಲ ತೀರಿಸುವುದು. ಇಲ್ಲವೇ, ಅಂಗಳಕ್ಕೆ ಯಾರು ಎಷ್ಟು ಸಿಮೆಂಟು ಬಳಿದಿದ್ದಾರೋ ನೀರು ಇಂಗದ ಅಷ್ಟು ಜಾಗಕ್ಕೆ ಮಳೆನೀರಿನ ಶುಲ್ಕ ಕೊಡುವುದು. ಆಗ ಹೂಳೆತ್ತಿ, ದಂಡೆ ಗಟ್ಟಿ ಮಾಡಿ, ನಾಲಾವನ್ನು ತೆರೆದೇ ಉಳಿಸುತ್ತಾರೆ.

"ಮಳಿಗೂ ರೊಕ್ಕ ಕೊಡಬೇಕಂತ! ಮಳಿ ಏನ್ ಇವರ ನಳದಾಗಿಂದ ಬರ್ತೈತೇನು?" ಎಂದು ಗುಡುಗಿದ ಕಾಲೋನಿ ಕಮಿಟಿಯ ಅಧ್ಯಕ್ಷ ಬಂಡೆಪ್ಪ. ಎಲ್ಲರೂ ಹೌದೌದು ಎಂದರು. ಭಾನುವಾರ ಕೈ ಎತ್ತಿ ತೀರ್ಮಾನಿಸುವುದೆಂದಾಯಿತು.

ಶಿವದೇವಿಗೆ ಮಾತ್ರ ಒಂದೇ ಚಿಂತೆ. ಸ್ಲ್ಯಾಬ್ ಬಿದ್ದರೆ ಮಣ್ಣೆತ್ತಿಗೆ ಮಣ್ಣೆಲ್ಲಿಯದು? ಬೀದರ ಕಡೆಯಿಂದ ಈ ತೆಲುಗು ಊರಿಗೆ ಬಂದು ಇಲ್ಲಿನ ವರ್ಕ್‌ಶಾಪುಗಳಲ್ಲಿ ವರ್ಷವಿಡೀ ಕಬ್ಬಿಣ ಹಿಡಿದ ಗಂಡಸರು ಆ ಒಂದು ದಿನ ಮಣ್ಣು ಹಿಡಿಯುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಅವಳ ಗಂಡ ಸಂಗಣ್ಣ ನಾಲಾಕ್ಕೆ ಇಳಿದು ಜೇಡಿಮಣ್ಣು ಅಗೆಯುವನು. ಅಣ್ಣಾ ಅಣ್ಣಾ ಎನ್ನುತ್ತ ಅವನ ಹಿಂದೆ ಬುಟ್ಟಿ ಹಿಡಿದು ಮೊಣಕಾಲುದ್ದ ಕೆಸರಲ್ಲಿ ಇದೇ ಬಂಡೆಪ್ಪ. ಮರುದಿನ ಮಕ್ಕಳು ಒಂದೆತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಹೊತ್ತು ಜೋಳ ಬೇಡುವರು. ತೆಲುಗರ ಮನೆಯಾಗಲಿ, ಸಾಬರ ಮನೆಯಾಗಲಿ, ಕುಂಟೆತ್ತನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಆ ಜೋಳದ್ದೇ ರೊಟ್ಟಿ, ನಾಲಾ ದಂಡೆಯ ಮೇಲೆ ಎಲ್ಲರಿಗೂ ಊಟ. ಅಯ್ಯೋ, ಎಂಥಾ ದಿನಗಳವು! ಸಂಗಣ್ಣ ತೀರಿಹೋದಮೇಲೆ ಎಲ್ಲವೂ ನಿಂತುಹೋಗಿತ್ತು.

ಈ ಸಲ ಅಮಾವಾಸ್ಯೆ ಶುಕ್ರವಾರ ಬಿತ್ತು. ಶಿವದೇವಿ ಸೀರೆ ಎತ್ತಿಕಟ್ಟಿ ತಾನೇ ನಾಲಾಕ್ಕೆ ಇಳಿದಳು. ಪ್ಲಾಸ್ಟಿಕ್ ಸರಿಸಿ ಅಡಿಯ ಕರಿಮಣ್ಣು ತಂದಳು. ಅವಳು ಮಾಡಿದ್ದು ಎತ್ತು ಅಂದರೆ ಎತ್ತು, ಆಡು ಅಂದರೆ ಆಡು, ಹಾಗಿತ್ತು. ಪೂಜೆ ಮುಗಿಸಿ, ಮರುದಿನ ಅದರ ಕಾಲು ಮುರಿದು, ತಟ್ಟೆಯಲ್ಲಿಟ್ಟುಕೊಂಡು ಹೊರಟಳು.

ಅರವತ್ತು ದಾಟಿದ ಹೆಂಗಸು ಕುಂಟೆತ್ತು ಹೊತ್ತದ್ದು ಕಂಡು ಓಣಿಗೆ ಓಣಿಯೇ ನಕ್ಕಿತು. ನಗುತ್ತಲೇ ಜೋಳ ತಂದರು.

"ಜ್ವಾಳ ಬ್ಯಾಡ್ರವಾ. ನಾಳೆ ಶುಲ್ಕಕ್ಕ ಕೈ ಎತ್ರಿ, ಸಾಕು," ಎಂದಳು.

"ಬಂಡೆಪ್ಪ ಏನಂತಾನ ನೋಡೂಣು," ಎಂದರು ಎಲ್ಲರೂ.

ಕೊನೆಗೆ ಬಂಡೆಪ್ಪನ ಬಾಗಿಲು. "ವೈನಿ, ನಿಮಗೇನ್ ಹುಚ್ಚು ಹಿಡದೈತೇನು?" ಎಂದು ಸಿಡುಕಿದವನು ತಟ್ಟೆಯತ್ತ ಬಾಗಿದ. ಎತ್ತನ್ನು ಮುಟ್ಟಿ ಬೆರಳು ಮೂಸಿದ.

"ನಾಲಾದ್ದೇನ್ರಿ?"

"ಮತ್ತೆಲ್ಲಿಂದು? ನಿಮ್ಮಣ್ಣ ಅಗೀತಿದ್ದ ಜಾಗಾದ್ದು."

"ಅಲ್ಲಿ ಇನ್ನೂ ಮಣ್ಣೈತಿ?"

"ಈ ವರ್ಷ ಐತಿ."

ಅವನ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಜೋಳ ತಂದ. ಶಿವದೇವಿ ತಟ್ಟೆ ಹಿಂದೆಳೆದುಕೊಂಡಳು. "ನಂಗೇನ್ ಬೇಕಂತ ನಿನಗ ಗೊತ್ತೈತಿ, ಬಂಡೆಪ್ಪಾ." ಅವನು ಜೋಳವನ್ನು ಒಳಗೊಯ್ದ. ಕುಂಟೆತ್ತು ಬರಿಗೈಯಲ್ಲಿ ಮರಳಿತು.

ಭಾನುವಾರ ಇಂಜಿನಿಯರು ಶುಲ್ಕಕ್ಕೆ ಯಾರ ಒಪ್ಪಿಗೆ ಎಂದು ಕೇಳಿದಾಗ ಶಿವದೇವಿಯ ಕೈಯೊಂದೇ ಮೇಲಿತ್ತು. ಎಲ್ಲರ ಕಣ್ಣು ಬಂಡೆಪ್ಪನ ಮೇಲೆ. ಅವನು ಎದ್ದು ನಿಂತ.

"ನನ್ನ ಅಂಗಳಾನ ಎಲ್ಲಾರಕಿಂತ ದೊಡ್ಡದು, ಪೂರಾ ಸಿಮೆಂಟು. ಹೆಚ್ಚು ಬೀಳೂದು ನನಗ. ಬೀಳ್ಲಿ ಬಿಡ್ರಿ! ಕುಂಟೆತ್ತಿಗೆ ಇಲ್ಲಾ ಅಂದ ಮನಿ ಈ ಓಣ್ಯಾಗ ಇಲ್ಲ."

ಅವನ ಕೈ ಮೇಲೆದ್ದಿತು. ಹಿಂದೆಯೇ ಒಂದೊಂದಾಗಿ ಉಳಿದ ಕೈಗಳು. ಬಂಡೆಪ್ಪನ ಐದೂ ಉಗುರ ಸಂದಿಯಲ್ಲಿ ನಾಲಾದ ಹಸಿ ಕರಿಮಣ್ಣು ಮೆತ್ತಿಕೊಂಡಿದ್ದುದನ್ನು ಶಿವದೇವಿ ಕಂಡಳು.