ಪಿಸ್ತೂಲು ಹಿಡಿದ ಕೈ

ಪೃಥ್ವಿ ಆಫೀಸಿನ ಚೀಲ ಹೆಗಲಿಗೇರಿಸಿಕೊಂಡು ಹಜಾರಕ್ಕೆ ಬಂದಾಗ ಚಿತ್ರ ಮತ್ತೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಅವನು ಅದನ್ನು ತಿರುಗಿಸಿ ಇಟ್ಟ.

"ನಾಳೆ ತಿಥಿ ಕಣೋ," ಎಂದರು ಅಡುಗೆಮನೆಯಿಂದ ಅವನ ತಾಯಿ ರುಕ್ಮಿಣಿಯಮ್ಮ. "ಪುರೋಹಿತರು ಅದರ ಎದುರಿಗೇ ಕೂತ್ಕೋಬೇಕು. ಆ ಹೆಂಗಸಿನ ಅವತಾರ ನೋಡು."

"ಅಪ್ಪನ ತಿಥಿ. ಅಪ್ಪ ಬರೆದ ಚಿತ್ರ. ಇನ್ನೇನಮ್ಮ?"

"ದೇವರ ಪಟ ಬರೀರಿ ಅಂತ ಜೀವಮಾನವೆಲ್ಲ ಬೇಡ್ಕೊಂಡೆ. ಬರೆದ್ರಾ? ಇಂಥದ್ದನ್ನ ಮನೇಲಿಟ್ಕೊಂಡು ಪಿಂಡ ಹಾಕಿದ್ರೆ ಅವರು ಮುಂದಕ್ಕೆ ಹೋಗೋದು ಹೇಗೆ?"

"ಹೋಗೋದೇ ಬೇಡ ಬಿಡು, ಇಲ್ಲೇ ಇರ್ಲಿ," ಎಂದು ನಕ್ಕು ಪೃಥ್ವಿ ಜೈಡಾಸ್‌ನ ಆಫೀಸಿಗೆ ಹೋಗುವ ಟ್ರಾಮು ಹಿಡಿಯಲು ಓಡಿದ. ತಮಾಷೆಗೆ ಆಡಿದ ಮಾತು. ರುಕ್ಮಿಣಿಯಮ್ಮನಿಗೆ ಮಾತ್ರ ಅದು ಎದೆಯಲ್ಲಿ ಸಿಕ್ಕಿಕೊಂಡಿತು.

ಹೋದ ವರ್ಷ ತೀರಿಕೊಂಡ ಅವರ ಗಂಡ ನಾರಾಯಣಸ್ವಾಮಿ ಬೆಂಗಳೂರಿನಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಮುಖಪುಟ ಬರೆಯುತ್ತಿದ್ದರು. ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಗೆದ್ದಲು ತಿನ್ನದೆ ಉಳಿದದ್ದು ಇದೊಂದೇ. ಪೃಥ್ವಿ ಅದನ್ನು ಡಚ್ಚರ ನಾಡಿನ ಆಮ್ಸ್ಟೆಲ್‌ವೀನ್ ಊರಿನ ತನ್ನ ಮನೆಗೆ ತಂದು ಕಟ್ಟು ಹಾಕಿಸಿದ್ದ. ಒದ್ದೆ ರಸ್ತೆ, ಕೆಂಪು ದೀಪ, ಬಾಗಿಲು ತೆರೆದು ನಿಂತ ಕಾರು. ಹ್ಯಾಟಿನ ಕಳ್ಳಸಾಗಣೆಗಾರನೊಬ್ಬ ತೋಳಿಲ್ಲದ ರವಿಕೆಯ ಹೆಣ್ಣೊಬ್ಬಳ ಸೊಂಟ ಬಳಸಿದ್ದಾನೆ. ಅವಳ ಕೈಯಲ್ಲಿ ಪಿಸ್ತೂಲು. ರುಕ್ಮಿಣಿಯಮ್ಮ ಇಂಥ ಚಿತ್ರಗಳನ್ನು ಕಣ್ಣು ನೆಟ್ಟು ನೋಡಿದವರೇ ಅಲ್ಲ. ಗಂಡನ ಕೋಣೆಗೆ ಕಾಫಿ ಒಯ್ಯುವಾಗಲೂ ಅವರ ಕಣ್ಣು ಲೋಟದ ಮೇಲೆಯೇ ಇರುತ್ತಿತ್ತು.

ಸೊಸೆಯೂ ಕೆಲಸಕ್ಕೆ ಹೋದ ಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಜಪಕ್ಕೆ ಕೂತರು, ಎದ್ದರು. ಎಳ್ಳು ಆರಿಸಿದ್ದನ್ನೇ ಮತ್ತೆ ಆರಿಸಿದರು. ಕಿಟಕಿಗೆ ಬಂದು ನಿಂತಾಗ ಕೆಳಗೆ ಬೀದಿಯ ಮೂಲೆಯಲ್ಲಿ ಯಾರೋ ಹರಿದ ಸೋಫಾ ತಂದಿಟ್ಟಿದ್ದು ಕಾಣಿಸಿತು. ಇವತ್ತು ದೊಡ್ಡ ಕಸದ ಲಾರಿ ಬರುವ ದಿನ. ಬೀರುಗಳನ್ನೂ ಮಂಚಗಳನ್ನೂ ಅದು ಅಲ್ಲೇ ನುರಿದು ನುಂಗುವುದನ್ನು ಅವರು ನೋಡಿದ್ದರು.

ಹಳೆಯ ಸೀರೆಯೊಂದನ್ನು ಚಿತ್ರಕ್ಕೆ ಸುತ್ತಿ, ಎರಡೂ ತೋಳಿನಲ್ಲಿ ತಬ್ಬಿ, ಲಿಫ್ಟಿನಲ್ಲಿ ಇಳಿದರು. ಸೋಫಾಕ್ಕೆ ಒರಗಿಸುವ ಹೊತ್ತಿಗೆ ಮೊಮ್ಮಗಳು ಹಿತಾ ಶಾಲೆಯಿಂದ ಬಂದು ಸೈಕಲ್ ನಿಲ್ಲಿಸಿದಳು.

"ಅಜ್ಜಿ, ಅಪ್ಪಂಗೆ ಗೊತ್ತಾ ಇದು?"

"ಅಪ್ಪಂಗೆ ನಾನು ಹೇಳ್ಕೋತೀನಿ. ನೀನು ಮೇಲೆ ನಡಿ."

ಗಾಳಿ ಬೀಸಿ ಸೀರೆ ಜಾರಿತು. ಹಿತಾ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಪಾಪ, ಬಿಡಿ ಅಜ್ಜಿ. ಈ ಲೇಡಿ ಯಾರನ್ನೂ ಶೂಟ್ ಮಾಡಲ್ಲ."

"ನಿನಗೇನು ಗೊತ್ತು?"

"ಟ್ರಿಗರ್ ಮೇಲೆ ಬೆರಳೇ ಇಲ್ವಲ್ಲ. ನೋಡಿ, ಆ ಫಿಂಗರ್ ಸುಮ್ನೆ ಮೇಲಿದೆ. ಗನ್ನನ್ನ ಸ್ಪೂನ್ ಥರ ಹಿಡ್ಕೊಂಡಿದಾಳೆ. ತಾತಂಗೆ ಗನ್ ಹಿಡಿಯೋದು ಹೇಗೆ ಅಂತಾನೇ ಗೊತ್ತಿರ್ಲಿಲ್ಲ, ನಿಜವಾಗ್ಲೂ."

ರುಕ್ಮಿಣಿಯಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು ಬಗ್ಗಿದರು. ಹೆಬ್ಬೆರಳು, ನಡುಬೆರಳು, ಉಂಗುರಬೆರಳು ಹಿಡಿಕೆಯನ್ನು ಹಿಡಿದಿದ್ದವು. ತೋರುಬೆರಳು ತಾಗದಂತೆ ದೂರ ನಿಂತಿತ್ತು. ತೀರ್ಥ ಕೊಡುವಾಗ ಉದ್ಧರಣೆಯ ಚಮಚವನ್ನು ಹಿಡಿಯುವುದು ಹಾಗೆ.

ಮದುವೆಯಾದ ಹೊಸತು. ದ್ವಾದಶಿಯ ಬೆಳಿಗ್ಗೆ ಅವರು ತೀರ್ಥ ಕೊಡಲು ಹೋದರೆ ನಾರಾಯಣಸ್ವಾಮಿ ಕೈಚಾಚದೆ ಪೆನ್ಸಿಲ್ ಎತ್ತಿಕೊಂಡಿದ್ದರು. "ಹಾಗೇ ಇರು. ಕೈ ಕದಲಿಸಬೇಡ. ದೇವಿಗೆ ಒಂದು ಕೈ ಬೇಕು." ಉದ್ಧರಣೆಯ ನೀರು ತುಳುಕದಂತೆ, ತೋಳು ನೋಯುವವರೆಗೂ ಅವರು ನಿಂತಿದ್ದರು. ದೇವಿಗೆ ತಮ್ಮದೇ ಕೈ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದರು. ಆಮೇಲೆ ಪ್ರತಿ ಯುಗಾದಿಗೆ ಅಂಗಡಿಗಳಲ್ಲಿ ತೂಗುವ ಕ್ಯಾಲೆಂಡರುಗಳ ಲಕ್ಷ್ಮಿಯಲ್ಲಿ, ಸರಸ್ವತಿಯಲ್ಲಿ ತಮ್ಮ ಕೈಯನ್ನು ಹುಡುಕಿದ್ದರು. ಎಲ್ಲಿಯೂ ಸಿಕ್ಕಿರಲಿಲ್ಲ.

ಪಿಸ್ತೂಲು ಹಿಡಿದ ಕೈಯ ಮಣಿಕಟ್ಟಿನ ಕೆಳಗೆ, ಕಾವಲಿ ತಾಗಿ ಸುಟ್ಟ ಗುರುತು, ಅಕ್ಕಿಕಾಳಿನಷ್ಟು, ಬಿಳಿಯ ಬಣ್ಣದಲ್ಲಿತ್ತು. ರುಕ್ಮಿಣಿಯಮ್ಮ ಬಳೆ ಸರಿಸಿ ತಮ್ಮ ಕೈ ನೋಡಿಕೊಂಡರು.

"ಸುಳ್ಳುಬುರುಕರು," ಎಂದರು.

"ಯಾರಜ್ಜಿ?"

ಲಾರಿ ಮೂಲೆ ತಿರುಗಿ ಬಂದು ನಿಂತಿತು. ಕೈಗವಸಿನ ಆಳೊಬ್ಬ ಇಳಿದು ಮೊದಲು ಕೈಗೆ ಹತ್ತಿರವಿದ್ದ ಚಿತ್ರದ ಕಟ್ಟಿಗೇ ಕೈ ಹಾಕಿದ.

"ನೇ, ನೇ," ಎಂದರು ರುಕ್ಮಿಣಿಯಮ್ಮ. ಬೇಡ ಎನ್ನುವುದಕ್ಕೆ ಈ ಊರಿನ ಮಾತಿನಲ್ಲಿ ಅವರು ಕಲಿತದ್ದು ಅದೊಂದೇ. ಆಳು ನಕ್ಕು ಏನೋ ಕೇಳಿದ. ಅವರು ಚಿತ್ರವನ್ನು ಎದೆಗೆ ಅವಚಿಕೊಂಡು ನಿಂತರು. ಸೋಫಾ ಮುರಿಯುವ ಸದ್ದು ಮುಗಿಯುವವರೆಗೂ ನಿಂತೇ ಇದ್ದರು.

"ಮೇಲಕ್ಕೆ ತಗೊಂಡ್ಹೋಗೋಕೆ ನಾನೂ ಹಿಡ್ಕೊಳ್ಳಾ, ಅಜ್ಜಿ?"

"ಆ ಕಡೆ ಹಿಡ್ಕೋ. ಗಾಜು ಜೋಪಾನ."

ಸಂಜೆ ಅವರೇ ಕೂತು ಹಿತಾಳಿಗೆ ಆ ದ್ವಾದಶಿಯ ವಿಷಯ ಹೇಳಿದರು. ಪೃಥ್ವಿ ಬಂದಾಗ ಲಾರಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಮಾರನೆಯ ದಿನ ಪುರೋಹಿತರು ಬಂದು ಕರ್ಮ ಮುಗಿಸಿ, ಊಟ ಮಾಡಿ, ಆಶೀರ್ವಾದ ಮಾಡಿ ಹೋದರು. ಚಿತ್ರ ಹಜಾರದಲ್ಲಿ ಇತ್ತ ಮುಖ ಮಾಡಿಯೇ ಇತ್ತು. ರುಕ್ಮಿಣಿಯಮ್ಮ ಪಂಚಪಾತ್ರೆ ಹಿಡಿದು ಮಗನಿಗೆ, ಸೊಸೆಗೆ ತೀರ್ಥ ಕೊಟ್ಟು ಹಿತಾಳ ಎದುರಿಗೆ ಬಂದರು. ಹಿತಾ ಅಂಗೈ ಚಾಚಲಿಲ್ಲ. ಗೋಡೆಯ ಕಡೆ ಒಮ್ಮೆ ನೋಡಿ, ಮುಖ ಗಂಭೀರ ಮಾಡಿಕೊಂಡು, ಶರಣಾದವಳಂತೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ನಿಂತಳು.

"ಏಯ್, ಏನೇ ಅದು," ಎಂದು ಪೃಥ್ವಿ ಗದರಿದ.

ರುಕ್ಮಿಣಿಯಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ. ತೋರುಬೆರಳು ದೂರ ನಿಂತಿತ್ತು. ಉದ್ಧರಣೆಯ ಅಂಚಿನವರೆಗೂ ತುಂಬಿದ ನೀರು ತುಳುಕದೆ ಹಾಗೇ ನಿಂತಿತ್ತು.