ಏರು ಹತ್ತಿದ ಕಾರು

ಸಾಲ್ಕಿನಳ ದೊಡ್ಡಿಯಿಂದ ಕೊಬ್ಬಿದ ಟಗರೊಂದು ಮಾಯವಾದ ಬೆಳಿಗ್ಗೆ ಸುಸಮಿರ್ ಕಣಿವೆಯ ತುಂಬ ಹೊಸ ಹಿಮ ಬಿದ್ದಿತ್ತು. ಊರ ಹಿಂದಿನ ಗುಡ್ಡದ ನೆತ್ತಿಯ ಮೇಲಿದ್ದ ದೊಡ್ಡಿಯವರೆಗೂ ಕಾರಿನ ಚಕ್ರದ ಗುರುತು ಹೋಗಿತ್ತು.

"ಇನ್ಯಾರು ಅತ್ತೆ? ಜೋಲ್ದೋಷ್ ಮಾವಂದೇ ಕೆಲಸ," ಎಂದ ಉಲಾನ್, ಅವಳ ಮಗಳ ಗಂಡ.

ಜೋಲ್ದೋಷ್ ಅವಳ ಮೈದುನ. ಹುಲ್ಲುಗಾವಲಿನ ಜಗಳವಾದಾಗಿನಿಂದ ಅವನ ಮುಖ ಕಂಡರೇ ಅವಳಿಗೆ ಅನುಮಾನ. ನೆಟ್ಟಗೆ ಅವನ ಮನೆಗೆ ನುಗ್ಗಿದಳು. ಅವನು ರೊಟ್ಟಿಗೆ ಕೆನೆ ಸವರುತ್ತಿದ್ದ.

"ನಿನ್ನ ಕಾರು ತೆಗಿ. ನನ್ನ ದೊಡ್ಡಿವರೆಗೂ ಹತ್ತಿಸು, ಟಗರು ಕದ್ದೊಯ್ದದ್ದು ಇದೇ ಕಾರಾ ನೋಡೇಬಿಡ್ತೀನಿ."

"ಆ ಏರಾ? ಈ ಟೈರಲ್ಲಾ? ತಲೆ ಕೆಟ್ಟಿದ್ಯಾ ಅತ್ತಿಗೆ?"

ನಾಟಕ, ಅಂದುಕೊಂಡಳು ಸಾಲ್ಕಿನ್. ಕಾರು ಏರಿನ ಬುಡದಲ್ಲೇ ನಿಂತು ಗಿರ್ರನೆ ಚಕ್ರ ತಿರುಗಿಸಿತು.

"ಬೇಕಂತಲೇ ಜಾರಿಸ್ತಿದೀಯ! ಇಳಿ."

ಪ್ರಾಯದಲ್ಲಿ ಟ್ರ್ಯಾಕ್ಟರ್ ಓಡಿಸಿದವಳು ತಾನೇ ಸ್ಟೀರಿಂಗ್ ಹಿಡಿದಳು. ಕಾರು ಹಿಂದಕ್ಕೇ ಜಾರಿ ಅಡ್ಡಡ್ಡ ನಿಂತಿತು. ಇಳಿದು ನೋಡಿದರೆ ಟೈರಿನ ಗೀರುಗಳಲ್ಲೆಲ್ಲ ಹಿಮ ಮೆತ್ತಿ ನುಣ್ಣಗಾಗಿತ್ತು. ರಬ್ಬರು ಕಲ್ಲಿನಂತೆ ಗಟ್ಟಿ.

"ಬೇಸಿಗೆ ಟೈರು ಅತ್ತಿಗೆ. ಇಲ್ಲಿ ನೋಡಿ," ಎಂದು ಜೋಲ್ದೋಷ್ ಪಕ್ಕದಲ್ಲಿದ್ದ ಕಳ್ಳನ ಗುರುತಿನ ಮೇಲೆ ಬಗ್ಗಿದ. ಬಾಣದಂಥ ಅಗಲ ಗೀರುಗಳು, ನಡುನಡುವೆ ಬಾಚಣಿಗೆ ಎಳೆದಂಥ ಸಣ್ಣ ಗೆರೆಗಳು. "ಚಳಿಗಾಲದ ಟೈರು. ಈ ಸಣ್ಣ ಸೀಳೆಲ್ಲ ಬಾಯಿ ತೆರೆದು ಹಿಮ ಕಚ್ಕೊಳ್ತವೆ. ಅದಕ್ಕೇ ಎಲ್ಲೂ ಜಾರಿಲ್ಲ."

ಈ ಗೆರೆಗಳನ್ನು ಸಾಲ್ಕಿನ್ ಎಲ್ಲೋ ನೋಡಿದ್ದಳು.

ತನ್ನ ಮನೆಗೆ ವಾಪಸು ಬಂದಾಗ ಅಂಗಳದಲ್ಲಿ ಉಲಾನನ ಕಾರು ನಿಂತಿತ್ತು. ಅವಳು ಕೂತು ಟೈರನ್ನು ಬೆರಳಿಂದ ಸವರಿದಳು. ಅದೇ ಬಾಣ, ಅದೇ ಬಾಚಣಿಗೆ. ಹಿಂದಿನ ಡಿಕ್ಕಿ ಎತ್ತಿದಾಗ ಮೂಲೆಯಲ್ಲಿ ನಾಲ್ಕಾರು ಕುರಿ ಹಿಕ್ಕೆ.

"ಏನ್ ಹುಡುಕ್ತಿದೀರ ಅತ್ತೆ?" ಹಿಂದಿನಿಂದ ಉಲಾನನ ದನಿ.

"ಒಳ್ಳೇ ಟೈರು ಕಣೋ. ಎಂಥ ಏರಾದ್ರೂ ಹತ್ತುತ್ತೆ."

"ಟಗರನ್ನ ಸ್ನೇಹಿತನ ಮನೇಲಿ ಕಟ್ಟಿದೀನಿ," ಎಂದ ಅವನು ನೆಲ ನೋಡುತ್ತ. "ಔತಣಕ್ಕೆ ಅಂತ... ಕೇಳಿದ್ರೆ ಕೊಡ್ತಿರ್ಲಿಲ್ಲ ನೀವು."

"ಕೊಡ್ತಿರ್ಲಿಲ್ಲ, ನಿಜ. ಆದ್ರೆ ಜೋಲ್ದೋಷನ ಹೆಸರು ಯಾಕೆ ಹೇಳ್ದೆ?"

ಉಲಾನ್ ಡಿಕ್ಕಿ ಮುಚ್ಚಿ ಕಾರು ಹತ್ತಿದ. ಟಗರು ಸಂಜೆಯೊಳಗೆ ವಾಪಸು ಬಂತು. ಸಾಲ್ಕಿನ್ ಮಗಳಿಗೆ ಏನೂ ಹೇಳಲಿಲ್ಲ, ಆದರೆ ಮೈದುನನನ್ನು ಚಹಾಕ್ಕೆ ಕರೆದು ಎಲ್ಲವನ್ನೂ ಹೇಳಿದಳು. ಆಮೇಲೆ ಅಳಿಯ ಬಂದಾಗಲೆಲ್ಲ ದೊಡ್ಡಿಯ ಬೀಗದ ಕೈಯನ್ನು ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು.