ಮೂರು ಹೊಲಿಗೆ, ಆರು ಅಳತೆ

ಸಿಂಧನೂರಿನ ಕಾಲೇಜಿನಲ್ಲಿ ಸೋಮವಾರ ವಿಶೇಷ ಉಪನ್ಯಾಸ ಕೊಡಲು ಕರೆ ಬಂದದ್ದು ಅಂಬಿಕಾಗೆ, ದುರುಗೇಶನಿಗಲ್ಲ. ಗಂಡ ಹೆಂಡತಿ ಇಬ್ಬರೂ ಗಣಿತದ ಉಪನ್ಯಾಸಕರು. ಮನೆ ಮಸ್ಕಿಯಲ್ಲಿ, ಬೆಳಿಗ್ಗೆ ಅವನು ಲಿಂಗಸುಗೂರಿನ ಬಸ್ಸು ಹತ್ತಿದರೆ ಅವಳು ಸಿಂಧನೂರಿನದು. ತಂತು ಸಿದ್ಧಾಂತದ, ಅಂದರೆ ಸ್ಟ್ರಿಂಗ್ ಥಿಯರಿಯ, ಮೇಲ್ಮೈಗಳ ಮೇಲೆ ಮೂರು ವರ್ಷ ಸಂಶೋಧನೆ ಮಾಡಿ ಅರ್ಧಕ್ಕೆ ಬಿಟ್ಟವನು ಅವನು. ಅವನ ನೋಟ್‌ಬುಕ್ಕಿನ ಮೊದಲ ಅರ್ಧ ಓದಿ ಉಳಿದದ್ದನ್ನು ತಾನೇ ಕಲಿತವಳು ಅವಳು.

ಗುರುವಾರ ಅವಳು ಉಪನ್ಯಾಸದ ಸ್ಲೈಡುಗಳನ್ನು ಅವನಿಗೆ ತೋರಿಸಿದಳು. ಉಂಗುರದಂಥ ತಂತು ಚಲಿಸಿದರೆ ಅದರ ಜಾಡು ಒಂದು ಮೇಲ್ಮೈಯಾಗುತ್ತದೆ. ಲೆಕ್ಕಕ್ಕೆ ಆ ಮೇಲ್ಮೈಯ ಎಲ್ಲ ಆಕಾರಗಳೂ ಬೇಕು. ಎರಡು ತೂತಿನ ಮೇಲ್ಮೈಯನ್ನು ಪ್ಯಾಂಟಿನ ಆಕಾರದ ಎರಡು ತುಂಡುಗಳಾಗಿ ಕತ್ತರಿಸಬಹುದು. ಸೊಂಟಕ್ಕೆ ಸೊಂಟ, ಕಾಲಿಗೆ ಕಾಲು ಹೊಲಿದರೆ ಮತ್ತೆ ಅದೇ ಮೇಲ್ಮೈ. ಹೊಲಿಗೆ ಮೂರು. ‘ಮೂರು ಸುತ್ತಳತೆ ತಿಳಿದರೆ ಆಕಾರ ತಿಳಿದಂತೆ’ ಎಂದು ಏಳನೇ ಸ್ಲೈಡಿನಲ್ಲಿತ್ತು. ಅದು ತಪ್ಪು. ದುರುಗೇಶ ಕೂಡಲೇ ಗುರುತಿಸಿದ.

“ಚೊಲೋ ಐತಿ,” ಎಂದ.

ಸಭೆಯಲ್ಲಿ ಯಾರೋ ಆ ತಪ್ಪನ್ನು ಎತ್ತುತ್ತಾರೆ, ಅವಳು ತಡವರಿಸುತ್ತಾಳೆ, ತಾನು ಹಿಂದಿನ ಸಾಲಿನಿಂದ ಎದ್ದು ಉತ್ತರಿಸುತ್ತಾನೆ. ಈ ಚಿತ್ರ ಮೂರು ದಿನ ಅವನ ಜೊತೆಗಿತ್ತು.

ಭಾನುವಾರ ಇಬ್ಬರೂ ದರ್ಜಿ ಮಸ್ತಾನಸಾಬನ ಅಂಗಡಿಗೆ ಹೋದರು. ಸಭೆಯಲ್ಲಿ ತೋರಿಸಲು ಬಟ್ಟೆಯ ಮಾದರಿ ಬೇಕಿತ್ತು. ಅದಕ್ಕೆ ಅಂಬಿಕಾ ದುರುಗೇಶನವೇ ಎರಡು ಹಳೆಯ ಪ್ಯಾಂಟು ಕೊಟ್ಟಿದ್ದಳು. ಮಸ್ತಾನಸಾಬ ಸೊಂಟಗಳನ್ನು ಕೂಡಿಸಿ, ಒಂದು ಕಾಲು ಕೈಯಲ್ಲಿ ಹಿಡಿದು ಕುಳಿತಿದ್ದ.

“ಮೇಡಂ, ಪಕ್ಕದ ಹೊಲಿಗಿಗೆ ಪಕ್ಕದ ಹೊಲಿಗಿ ಇಡ್ಲೋ, ಒಂಚೂರು ತಿರುವಿ ಹಚ್ಚಲೋ?”

“ಎರಡೂ ಒಂದ ಅಲ್ಲೇನ್ರಿ? ಸುತ್ತಳತಿ ಸರಿ ಐತಲ್ಲ.”

“ಸುತ್ತಳತಿ ಸರಿ ಇದ್ರೂ, ತಿರುವಿದ್ರ ಬಟ್ಟಿ ಬ್ಯಾರೇನ ಕೂಡ್ತೈತ್ರಿ. ಒಬ್ಬ ಜಮಾದಾರರ ಪ್ಯಾಂಟು ಹಂಗ ಆಗಿತ್ತು. ಅವರು ಸಿಂಧನೂರಿಗೆ ಹೊಂಟ್ರ ಪ್ಯಾಂಟು ಮುದಗಲ್ ಕಡಿ ಹೊಂಟಿತ್ತು.”

ಅಂಬಿಕಾ ನಗಲಿಲ್ಲ. ಬಟ್ಟೆಯ ಕಾಲನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ತಿರುವಿದಳು.

“ಒಂದೊಂದು ಹೊಲಿಗಿಗೆ ಸುತ್ತಳತಿ ಜೊತಿ ಒಂದೊಂದು ತಿರುವು. ಮೂರಲ್ಲ, ಆರು ಅಳತಿ ಬೇಕು.” ಗಂಡನ ಕಡೆ ನೋಡಿದಳು. “ಗುರುವಾರ ನಿಮಗ ಗೊತ್ತಿತ್ತೇನ್ರಿ?”

ಸುಳ್ಳು ಹೇಳಬಹುದಿತ್ತು. ಆದರೆ ಗೊತ್ತಿರಲಿಲ್ಲ ಎಂದರೆ ತನಗೆ ವಿಷಯವೇ ಬಾರದು ಎಂದು ಒಪ್ಪಿಕೊಂಡಂತೆ.

“ಗೊತ್ತಿತ್ತು.”

ಮಸ್ತಾನಸಾಬ ತಲೆ ತಗ್ಗಿಸಿ ಮಷಿನ್ ತುಳಿಯತೊಡಗಿದ.

ಸೋಮವಾರ ಏಳನೇ ಸ್ಲೈಡಿನಲ್ಲಿ ‘ಆರು’ ಇತ್ತು. ತಿರುವು ಯಾಕೆ ಬೇಕು ಎಂದು ರಾಯಚೂರಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಕೇಳಿಯೂಬಿಟ್ಟರು. ಅಂಬಿಕಾ ಮಾದರಿಯನ್ನು ಎತ್ತಿ ತೋರಿಸಿದಳು. “ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮೂರಿನ ದರ್ಜಿ ಮಸ್ತಾನಸಾಬ,” ಎಂದಳು. ಚಪ್ಪಾಳೆ ಬಿತ್ತು. ಕೊನೆಯ ಸ್ಲೈಡಿನ ಕೃತಜ್ಞತೆಯಲ್ಲೂ ಅದೊಂದೇ ಹೆಸರು. ಹಿಂದಿನ ಸಾಲಿನಲ್ಲಿ ದುರುಗೇಶ ಅವಳ ಕೈಯಲ್ಲಿದ್ದ ತನ್ನ ಹಳೆಯ ಪ್ಯಾಂಟುಗಳನ್ನು ನೋಡುತ್ತ ಕುಳಿತಿದ್ದ.

ಮುಂದಿನ ವಾರ ಅವನು ಹೊಸ ಪ್ಯಾಂಟಿನ ಬಟ್ಟೆಯನ್ನು ಲಿಂಗಸುಗೂರಿನ ದರ್ಜಿಗೆ ಕೊಟ್ಟು ಬಂದ.

“ಇಲ್ಲೇ ಮಸ್ತಾನಸಾಬ ಇಲ್ಲೇನ್ರಿ?” ಎಂದಳು ಅಂಬಿಕಾ.

“ಅವರೀಗ ದೊಡ್ಡ ಮನಷ್ಯಾರು. ನಮ್ಮಂಥವರ ಪ್ಯಾಂಟು ಹೊಲೀತಾರೇನು?”

ಅವಳು ಉತ್ತರ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ಗುರುವಾರ ಒಂದು ಮಾತು ಅಂದಿದ್ರ ನೀವೂ ಆಗ್ತಿದ್ರಿ.”